ಬಿಳಿ ಮಚ್ಚೆ ದೋಷವಲ್ಲ, ಸೊಟ್ಟ ಬೆನ್ನು ಬಣ್ಣವಲ್ಲ

ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ‘ಹುಟ್ಟಿನಿಂದಲೇ ಊನ’ ಎಂಬ ತಲೆಬರಹದಡಿ ಅಮೆರಿಕದ ಸಾಕು ಹಾವುಗಳ ಮೂರು ಚಿತ್ರ ಹಾಕಿದ್ದಿರಿ. ಒಂದಕ್ಕೆ ಎರಡು ತಲೆ. ಒಂದರ ಬೆನ್ನು ಸೊಟ್ಟ. ಮೂರನೆಯದರ ಮೈಮೇಲೆ ಸುಣ್ಣ ಬಳಿದಂತೆ ಬಿಳಿ ಪಟ್ಟೆ. ಶಿರಸಿಯಿಂದ ಅಮ್ಮ ಆ ಪುಟದ ಫೋಟೋ ತೆಗೆದು ಕಳಿಸಿ, “ನಿಮ್ಮನೆ ಹಾವಿಗೂ ಹೀಗೇ ತೊನ್ನು ಇದೆಯಲ್ಲೇ, ಅದಕ್ಕೂ ಇದೇ ರೋಗವಾ?” ಎಂದು ಕೇಳಿದರು.

ಮೊದಲ ಎರಡು ಚಿತ್ರಗಳ ಬಗ್ಗೆ ನನ್ನ ತಕರಾರಿಲ್ಲ. ಮೂರನೆಯದು ಊನವೇ ಅಲ್ಲ. ಅದು ಪೈಬಾಲ್ಡ್ ಎಂಬ ಬಣ್ಣದ ಬಾಲ್ ಪೈಥಾನ್. ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ಕಡೆಯ ಪುಟ್ಟ ಹೆಬ್ಬಾವು. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಪೈಬಾಲ್ಡ್ ಆಗುವುದು ಒಂದು ಜೀನ್‌ನಿಂದ. ತಂದೆ ತಾಯಿ ಇಬ್ಬರಿಂದಲೂ ಅದು ಬರಬೇಕು. ಇಬ್ಬರೂ ನೋಡಲು ಮಾಮೂಲಿ ಕಂದು ಹಾವುಗಳಾಗಿದ್ದು ಒಳಗೆ ಆ ಜೀನ್ ಇಟ್ಟುಕೊಂಡಿದ್ದರೆ, ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಹೀಗೆ ಹುಟ್ಟುತ್ತದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಮಿಶಿಗನ್ನಿನ ಆನ್ ಆರ್ಬರ್‌ನಲ್ಲಿ ನಮ್ಮ ಗ್ಯಾರೇಜೇ ಹಾವಿನ ಮನೆ. ಮಗ ಹಟ ಮಾಡಿ ತಂದ, ಕಾಲೇಜಿಗೆ ಹೋದ. ಉಳಿದವಳು ನಾನು. ನಾಗರಪಂಚಮಿಗೆ ಕಲ್ಲಿಗೆ ಹಾಲೆರೆದು ಬೆಳೆದವಳು ಈಗ ಹಾವಿನ ಮೊಟ್ಟೆಗೆ ಕಾವು ನೋಡುತ್ತಾ ಕೂತಿರುತ್ತೇನೆ!

ನಮ್ಮ ಹಾವಿನ ಜೋಡಿ ಮೊದಲ ಸಲ ಆರು ಮೊಟ್ಟೆ ಇಟ್ಟಿತ್ತು. ಈ ಮೊಟ್ಟೆಗಳಿಗೆ 31–32 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಹೆಚ್ಚುಕಮ್ಮಿ ಎರಡು ತಿಂಗಳು. ನಡುವೆ ಒಂದು ವಾರ ನಾವು ಊರಲ್ಲಿರಲಿಲ್ಲ. ಕಾವಿನ ಪೆಟ್ಟಿಗೆಯಲ್ಲಿ ಶಾಖ ಹದದಲ್ಲಿಡುವ ಥರ್ಮೋಸ್ಟಾಟ್ ಕೈಕೊಟ್ಟು ಶಾಖ 35ರ ಹತ್ತಿರ ಹೋಗಿತ್ತು. ಹೊರಬಂದ ಮರಿಗಳಲ್ಲಿ ಎರಡಕ್ಕೆ ಬೆನ್ನು ಸೊಟ್ಟ, ಇನ್ನೊಂದಕ್ಕೆ ಒಂದು ಕಣ್ಣೇ ಇಲ್ಲ. ಈ ಮೂರೂ ಮಾಮೂಲಿ ಕಂದು ಬಣ್ಣದವು. ಅದೇ ಗುಂಪಿನ ಒಂದೇ ಒಂದು ಪೈಬಾಲ್ಡ್ ಮರಿ ದಾರದಷ್ಟು ನೆಟ್ಟಗೆ! ಎರಡು ವರ್ಷದ ನಂತರ ಅದೇ ಜೋಡಿ ಏಳು ಮೊಟ್ಟೆ ಇಟ್ಟಿತು. ಥರ್ಮೋಸ್ಟಾಟ್ ಹೊಸದು. ಎರಡು ಪೈಬಾಲ್ಡ್ ಬಂದವು, ಸೊಟ್ಟ ಬೆನ್ನು ಒಂದೂ ಇಲ್ಲ.

ಗುರುತಿಸುವುದು ಹೀಗೇ. ಅದೇ ಜೋಡಿಯಲ್ಲಿ ಮತ್ತೆ ಮತ್ತೆ, ಲೆಕ್ಕಕ್ಕೆ ಸಿಗುವ ಹಾಗೆ ಬಂದರೆ ಅದು ಜೀನ್‌ನ ಕೆಲಸ. ಒಮ್ಮೆ ಬಂದು ಮತ್ತೆ ಬರದಿದ್ದರೆ ಕಾವಿನ ಮೇಲೆ ಅನುಮಾನ ಪಡಬೇಕು. ಚಿತ್ತಾರ ನೋಡಿಯೂ ಮೋಸ ಹೋಗಬಹುದು. ಶಾಖ ಏರುಪೇರಾದ ಮೊಟ್ಟೆಯಿಂದ ಬೆನ್ನುದ್ದಕ್ಕೂ ಚೆಂದದ ಗೆರೆಯ ಮರಿ ಬರುವುದುಂಟು. ‘ಹೊಸ ಬಣ್ಣ’ ಎಂದು ಜಾಸ್ತಿ ದುಡ್ಡು ಕೊಟ್ಟು ತಂದವರಿಗೆ ಅದರ ಮರಿಗಳಲ್ಲಿ ಆ ಗೆರೆ ಸಿಗುವುದಿಲ್ಲ.

ಆದರೆ ಬಣ್ಣದ ಜೀನ್ ಎಲ್ಲವೂ ನಿರಪಾಯ ಎಂದರೆ ಅದೂ ಸುಳ್ಳು. ನನಗೂ ಒಬ್ಬರು ಟೋಪಿ ಹಾಕಿದ್ದಾರೆ. ಇಲ್ಲಿನ ಒಂದು ಹಾವಿನ ಮೇಳದಲ್ಲಿ ‘ಸ್ಪೈಡರ್’ ಎಂಬ ಬಣ್ಣದ ಮರಿ ಕೊಂಡೆ. ಜೇಡರಬಲೆಯಂಥ ಸಣ್ಣ ಗೆರೆ, ನೋಡಲು ಬಲು ಚೆಂದ. ತಲೆ ಸ್ವಲ್ಪ ಅಲ್ಲಾಡುತ್ತಿತ್ತು. ಮಾರುವವರು “ಮರಿ ಗಾಬರಿಯಾಗಿದೆ, ಮನೆಗೆ ಹೋದ ಮೇಲೆ ಸರಿಹೋಗುತ್ತೆ” ಅಂದರು. ಸರಿಹೋಗಲಿಲ್ಲ. ಇಲಿ ಕಂಡರೆ ಸಾಕು, ತಲೆ ಬೋಲ್ಟ್ ತಿರುಗಿದಂತೆ ತಿರುಗುತ್ತದೆ. ಬಾಯಿ ಹಾಕಿದರೆ ಗುರಿ ತಪ್ಪುತ್ತದೆ. ಬೋರಲು ಮಾಡಿದರೆ ಬೇರೆ ಹಾವು ತಕ್ಷಣ ಮಗುಚಿಕೊಳ್ಳುತ್ತದೆ, ಇದು ತಡಕಾಡುತ್ತದೆ.

ಆಮೇಲೆ ತಿಳಿಯಿತು. 1999ರಲ್ಲಿ ಆಫ್ರಿಕದಿಂದ ಅಮೆರಿಕಕ್ಕೆ ಬಂದ ಒಂದೇ ಹಾವಿನಿಂದ ಈ ಸ್ಪೈಡರ್ ಸಂತತಿ ಬೆಳೆದದ್ದು. ಈ ಬಣ್ಣದ ಜೀನ್ ತಂದೆ ತಾಯಿಯಲ್ಲಿ ಒಬ್ಬರಲ್ಲಿದ್ದರೂ ಸಾಕು, ಅರ್ಧದಷ್ಟು ಮರಿಗಳಿಗೆ ಬರುತ್ತದೆ. ಬಣ್ಣ ಬಂದರೆ ತೂರಾಟವೂ ಬರುತ್ತದೆ, ಕೆಲವದರಲ್ಲಿ ಕಡಿಮೆ, ಕೆಲವದರಲ್ಲಿ ಜಾಸ್ತಿ. 2022ರಲ್ಲಿ ಸಂಶೋಧಕರು ಸ್ಕ್ಯಾನ್ ಮಾಡಿ ನೋಡಿದಾಗ ಇಂಥ ಹಾವುಗಳ ಒಳಗಿವಿಯಲ್ಲಿ, ಅಂದರೆ ಮೈಯ ಸಮತೋಲ ನೋಡಿಕೊಳ್ಳುವ ಭಾಗದಲ್ಲೇ, ರಚನೆ ಕೆಟ್ಟಿರುವುದು ಕಂಡಿತು. ಇದಕ್ಕೆ ಕಾವಿನ ಪೆಟ್ಟಿಗೆಯನ್ನು ಬೈದು ಪ್ರಯೋಜನವಿಲ್ಲ. ಕ್ಯಾರಮೆಲ್ ಆಲ್ಬಿನೊ ಎಂಬ ಬಣ್ಣದಲ್ಲೂ ಬೆನ್ನು ಸೊಟ್ಟಗಾಗುವುದು ಜಾಸ್ತಿ. ಆದ್ದರಿಂದ ಕೊಳ್ಳುವವರು ಬಣ್ಣ ನೋಡುವ ಮೊದಲು ಮರಿಯ ಬೆನ್ನ ಮೇಲೆ ಬೆರಳಾಡಿಸಬೇಕು, ಅದು ಊಟ ಹಿಡಿಯುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಮಾಮೂಲಿ ಆಲ್ಬಿನೊಗೆ ಇಂಥ ತೊಂದರೆ ಇಲ್ಲ. ಕಪ್ಪು ಬಣ್ಣ ತಯಾರಾಗುವುದಿಲ್ಲ, ಹಳದಿ ಉಳಿಯುತ್ತದೆ, ಕಣ್ಣು ಕೆಂಪು. ಕಾಡಿನಲ್ಲಾದರೆ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ ನಿಜ, ಪೆಟ್ಟಿಗೆಯಲ್ಲಿ ಅದರ ಪಾಡಿಗೆ ಅದು ಬದುಕುತ್ತದೆ. ನಮ್ಮ ಪಕ್ಕದೂರು ಇಪ್ಸಿಲಾಂಟಿಯ ಈಸ್ಟರ್ನ್ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಇಂಥ ಬಣ್ಣಗಳ ಜೀನ್ ಪತ್ತೆ ಮಾಡಿದ್ದು ಹಾವು ಸಾಕುವವರು ಕೊಟ್ಟ ಪೊರೆಗಳಿಂದ. ಹಾವಿಗೆ ಸೂಜಿ ಚುಚ್ಚುವ ಕೆಲಸವೇ ಇಲ್ಲ, ಒಳ್ಳೆಯದಲ್ವಾ?

ಊರಿನ ಹುಡುಗರು ಇದನ್ನು ಓದಿ ಆಸೆಪಡುವುದು ಬೇಡ. ನಮ್ಮಲ್ಲಿ ನಾಗರ, ಕೇರೆ, ಹೆಬ್ಬಾವು ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.

ನನ್ನ ಕೋರಿಕೆ ಇಷ್ಟೇ. ಮೂರನೇ ಚಿತ್ರದ ಅಡಿಬರಹ ತಿದ್ದಿ ಹಾಕಿ. ಹುಟ್ಟಿನ ಊನಕ್ಕೆ ಚಿತ್ರ ಬೇಕಿದ್ದರೆ ಸ್ಪೈಡರ್‌ನದು ಕಳಿಸುತ್ತೇನೆ. ಒಂದು ತೊಂದರೆ, ಫೋಟೋದಲ್ಲಿ ಅದು ಬಲು ಚೆಂದ ಕಾಣುತ್ತದೆ. ವಿಡಿಯೋನೇ ಬೇಕು.

– ಶಿರಸಿ ಕಡೆಯ ಓದುಗರು, ಆನ್ ಆರ್ಬರ್, ಮಿಶಿಗನ್