ದೊಡ್ಡಪ್ಪನ ಕರೆಂಟ್ ವಿಚಾರ

ಆನ್ ಆರ್ಬರ್, ಭಾನುವಾರ

ತೀರ್ಥರೂಪು ಅಪ್ಪನವರಿಗೆ ಸುಧಾ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಅಮ್ಮನ ಮಂಡಿ ನೋವು ಹೇಗಿದೆ?

ನಿಮ್ಮ ಕಾಗದ, ರವಿ ಕಳಿಸಿದ ಸ್ಕ್ಯಾನ್ ರಿಪೋರ್ಟು ಎರಡೂ ಸಿಕ್ಕಿದವು. ಕೆರೆ ಹಿಂದಿನ ತೋಟ ಮಾರಬೇಡಿ. ದೊಡ್ಡಪ್ಪನ್ನ ಇಲ್ಲಿಗೆ ಕರೆತರೋಕೆ ಅಂತಾದರೆ ಖಂಡಿತ ಬೇಡ. ಶ್ವಾಸಕೋಶದ ಕ್ಯಾನ್ಸರು, ಮೂರನೇ ಹಂತ, ಆಪರೇಷನ್ ಆಗಲ್ಲ, ಆರು ವಾರ ಕರೆಂಟ್ (ಅಂದ್ರೆ ಗಡ್ಡೆಗೆ ವಿಕಿರಣ ಕೊಡೋದು), ಜೊತೆಗೆ ಕೀಮೋ ಅಂತ ಬೆಂಗಳೂರಿನ ಡಾಕ್ಟರು ಹೇಳಿದಾರಲ್ಲ, ಇಲ್ಲಿಗೆ ಬಂದಿದ್ದರೂ ನಾನು ಅದನ್ನೇ ಹೇಳ್ತಿದ್ದೆ. ದಿನಕ್ಕೆ 2 ಗ್ರೇ (ಗ್ರೇ ಅಂದ್ರೆ ವಿಕಿರಣದ ಅಳತೆ), ವಾರಕ್ಕೆ ಐದು ದಿನದಂತೆ 30 ದಿನ, ಒಟ್ಟು 60.

ಅಮೆರಿಕದಲ್ಲಿ ಇನ್ನೂ ಜಾಸ್ತಿ ಪವರಿನ ಕರೆಂಟ್ ಕೊಡ್ತಾರಂತೆ ಅಂದ್ಲಂತಲ್ಲ ಶಾಂತಕ್ಕ. ಜಾಸ್ತಿ ಕೊಟ್ಟಷ್ಟೂ ಒಳ್ಳೇದು ಅಂತ ಇಲ್ಲಿನವರೂ ಬಹಳ ಕಾಲ ನಂಬಿದ್ದರು. ಕೆಲವರಿಗೆ 60, ಕೆಲವರಿಗೆ 74 ಕೊಟ್ಟು ನೋಡಿದರು. 2015ರಲ್ಲಿ ಫಲಿತಾಂಶ ಅಚ್ಚಾಯ್ತು. 74 ತಗೊಂಡವರೇ ಕಡಿಮೆ ಕಾಲ ಬದುಕಿದ್ದು. ಗೊಬ್ಬರ ಹೆಚ್ಚಾದರೆ ಗಿಡ ಸುಡಲ್ವೇ, ಹಾಗೆ. ಹೃದಯದ ಮೇಲೆ ಎಷ್ಟು ಬಿತ್ತು ಅನ್ನೋದು ಮುಖ್ಯ ಅಂತ ಆಗ ತಿಳೀತು. ನನ್ನ ಕೆಲಸ ಅದೇ ಅಪ್ಪ. ಉಸಿರಾಡುವಾಗ ಗಡ್ಡೆ ಮೇಲೆ ಕೆಳಗೆ ಸರಿಯುತ್ತೆ. ಅದನ್ನ ಸ್ಕ್ಯಾನಲ್ಲಿ ಹಿಡಿದು, ಹೃದಯ, ಅನ್ನನಾಳ ಎಷ್ಟು ಉಳಿಸಬಹುದು ಅಂತ ಲೆಕ್ಕ ಹಾಕ್ತೀವಿ. ದಿನಾ ಎರಡೂ ಕೈ ತಲೆ ಮೇಲೆತ್ತಿ ಅಲುಗಾಡದೆ ಮಲಗಬೇಕಾಗುತ್ತೆ. ದೊಡ್ಡಪ್ಪನ ಬಲಭುಜ ಮೊದಲೇ ಹಿಡ್ಕೊಂಡಿದೆ, ಇವತ್ತಿಂದಲೇ ಅಭ್ಯಾಸ ಮಾಡಿಸಿ.

ಇಲ್ಲಿನ ಜನ ಗಟ್ಟಿ. ಎಷ್ಟೋ ಜನ ತಾವೇ ಕಾರು ಓಡಿಸಿಕೊಂಡು ಬಂದು, ಕರೆಂಟ್ ತಗೊಂಡು, ಕೆಲಸಕ್ಕೆ ಹೋಗ್ತಾರೆ. ಕಡೇ ದಿನ ಗಂಟೆ ಬಾರಿಸ್ತಾರೆ, ನಾವೆಲ್ಲ ನಿಂತು ಚಪ್ಪಾಳೆ ತಟ್ತೀವಿ. ಮನೆ ಕೊಳ್ಳೋ ಮುಂಚೆ ನೆಲಮಾಳಿಗೇಲಿ ರೇಡಾನ್ ಅನ್ನೋ, ಮಣ್ಣಿಂದ ಬರೋ ವಿಕಿರಣದ ಅನಿಲ ಎಷ್ಟಿದೆ ಅಂತ ಅಳೆಸ್ತಾರೆ. ಸಿಗರೇಟು ಬಿಟ್ಟರೆ ಇಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಅದೇ ದೊಡ್ಡ ಕಾರಣ. ನಮ್ಮನೇದೂ ಅಳೆಸಿದೀವಿ, ಸರಿಯಾಗಿದೆ, ಅಮ್ಮ ಗಾಬರಿಯಾಗೋದು ಬೇಡ.

ಅಮಾವಾಸ್ಯೆ, ಜಾತ್ರೆ ಅಂತ ಒಂದು ದಿನವೂ ತಪ್ಪಿಸಬಾರದು. ಮಧ್ಯೆ ಬಿಟ್ಟರೆ ಗಡ್ಡೆ ಮತ್ತೆ ಚಿಗುರುತ್ತೆ. ಮೂರನೇ ವಾರದ ಹೊತ್ತಿಗೆ ನುಂಗುವಾಗ ಉರಿ ಶುರುವಾಗಬಹುದು. ಖಾರ ಬಿಡಿಸಿ, ರಾಗಿ ಗಂಜಿ, ಮೆತ್ತಗಿನ ಮೊಸರನ್ನ ಕೊಡಿ. ಕರೆಂಟ್ ಎಲ್ಲಿ ಕೊಡಬೇಕು ಅಂತ ಎದೆ ಮೇಲೆ ಹಾಕೋ ಗುರುತು ಸ್ನಾನದಲ್ಲಿ ಉಜ್ಜಬಾರದು. ಬೀಡಿ ಇವತ್ತೇ ನಿಲ್ಲಬೇಕು, ಈಗ ಬಿಟ್ಟರೂ ಲಾಭ ಇದೆ.

ಆಮೇಲೆ ದುರ್ವಾಲುಮ್ಯಾಬ್ ಅನ್ನೋ, ಮೈಯ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ಜೊತೆ ಹೋರಾಡೋ ಹಾಗೆ ಮಾಡೋ ಇಂಜೆಕ್ಷನ್ ಒಂದು ವರ್ಷ ಬೇಕು ಅನ್ನಬಹುದು. ಒಳ್ಳೇ ಔಷಧಿ, ಆದರೆ ಲಕ್ಷಗಟ್ಟಲೆ ಆಗುತ್ತೆ. ಆ ಖರ್ಚು ನಂದು. ನನ್ನ ಮೆಡಿಕಲ್ ಫೀಸು ಕಟ್ಟಿದವರು ದೊಡ್ಡಪ್ಪ, ಈ ವಿಷಯದಲ್ಲಿ ನೀವು ಏನೂ ಮಾತಾಡಬೇಡಿ.

ಹೆದರೋದು ಬೇಡ, ನಾನಿದೀನಿ, ಎಲ್ಲ ಸರಿಹೋಗುತ್ತೆ. ಟ್ರೀಟ್‌ಮೆಂಟ್ ಪ್ಲಾನ್ ಕೈಗೆ ಬಂದ ಕೂಡಲೇ ರವಿಗೆ ಕಳಿಸೋಕೆ ಹೇಳಿ. ಆಸ್ಪತ್ರೆಯಿಂದ ಫೋನ್ ಬರ್ತಿದೆ, ನಿಲ್ಲಿಸ್ತೀನಿ.

ನಿಮ್ಮ ಮಗಳು
ಸುಧಾ