ಎರಡು ಸರ್ವರ್ ಕೊಳ್ಳುವವರು ಬೇಲಿಯನ್ನೂ ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯ ಸಹಕಾರ ಸಂಘಗಳು, ಆಸ್ಪತ್ರೆಗಳು, ಕಾಲೇಜುಗಳು ಈಗೀಗ ಒಂದರ ಬದಲು ಎರಡು ಸರ್ವರ್ ಕೊಳ್ಳುತ್ತಿವೆ. ‘ಒಂದು ಕೆಟ್ಟರೆ ಇನ್ನೊಂದು ತಾನಾಗಿ ಕೆಲಸ ಎತ್ತಿಕೊಳ್ಳುತ್ತದೆ, ಇನ್ನು ಸರ್ವರ್ ಡೌನ್ ಅನ್ನೋ ಮಾತೇ ಇಲ್ಲ’ ಎಂದು ಮಾರುವವರು ಭರವಸೆ ಕೊಡುತ್ತಾರೆ. ನಾವೂ ನಂಬಿದೆವು. ‘ಒಂದು ನಿಜಕ್ಕೂ ಸತ್ತಿದೆಯೆಂದು ಇನ್ನೊಂದಕ್ಕೆ ಖಚಿತವಾಗುವುದು ಹೇಗೆ’ ಎಂಬ ಒಂದು ಪ್ರಶ್ನೆ ಕೇಳದೆ ನಾವು ಪಟ್ಟ ಪಾಡು ಬೇರೆಯವರಿಗೆ ಬರಬಾರದೆಂದು ಈ ಪತ್ರ.

ನಾನು ಚಿಕ್ಕಮಗಳೂರಿನ ಬೆಳೆಗಾರರ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಸದಸ್ಯರ ಸಾಲ, ಗೊಬ್ಬರದ ಬಿಲ್ಲು, ಕಾಫಿ ಮತ್ತು ಮೆಣಸಿನ ತೂಕ, ಎಲ್ಲ ಲೆಕ್ಕವೂ ಎರಡು ಲಿನಕ್ಸ್ ಸರ್ವರುಗಳಲ್ಲಿದೆ. ಒಂದು ಕಚೇರಿಯಲ್ಲಿ, ಇನ್ನೊಂದು ರಸ್ತೆಯಾಚೆಯ ಗೋದಾಮಿನಲ್ಲಿ, ನಡುವೆ ಫೈಬರ್ ಕೇಬಲ್. ಒಂದರ ಉಸಿರು ಇನ್ನೊಂದಕ್ಕೆ ಕೇಳಿಸುತ್ತಿರಲು ಕೊರೊಸಿಂಕ್, ಯಾವ ಸೇವೆ ಎಲ್ಲಿ ನಡೆಯಬೇಕೆಂದು ತೀರ್ಮಾನಿಸಲು ಪೇಸ್‌ಮೇಕರ್, ಒಂದರ ಡಿಸ್ಕಿನಲ್ಲಿ ಬರೆದದ್ದು ಇನ್ನೊಂದರಲ್ಲೂ ಮೂಡಲು ಡಿಆರ್‌ಬಿಡಿ. ಎಲ್ಲವೂ ಉಚಿತವಾಗಿ ಸಿಗುವ, ಚೆನ್ನಾಗಿ ಪಳಗಿದ ತಂತ್ರಾಂಶಗಳು. ತಪ್ಪು ಅವುಗಳದ್ದಲ್ಲ.

ಆಷಾಢದ ಗಾಳಿಗೆ ಒಂದು ಸಂಜೆ ಸಿಲ್ವರ್ ಓಕಿನ ಕೊಂಬೆ ಮುರಿದುಬಿದ್ದು ಫೈಬರ್ ತುಂಡಾಯಿತು. ಗೋದಾಮಿನ ಸರ್ವರಿಗೆ ಕಚೇರಿಯದರ ಉಸಿರು ಕೇಳಿಸಲಿಲ್ಲ. ಅದು ಸತ್ತಿತೆಂದು ತಿಳಿದು ತಾನು ಡೇಟಾಬೇಸ್ ತೆರೆಯಿತು, ಜಾಲದಲ್ಲಿ ಅದನ್ನು ಗುರುತಿಸುವ ಐಪಿ ವಿಳಾಸವನ್ನೂ ತಾನೇ ತೊಟ್ಟುಕೊಂಡಿತು. ಕಚೇರಿಯ ಸರ್ವರ್ ಸತ್ತೇ ಇರಲಿಲ್ಲ. ಗೋದಾಮಿನ ಕೌಂಟರಿನ ಬಿಲ್ಲುಗಳು ಇತ್ತ, ಕಚೇರಿಯ ಬಿಲ್ಲುಗಳು ಅತ್ತ ಸೇರುತ್ತ ಹೋದವು. ಪರದೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಮರುದಿನ ಮಧ್ಯಾಹ್ನ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಮಳೆಯಲ್ಲಿ ನೆಂದ ಯೂರಿಯಾ ರಸೀದಿಯನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟಾಗಲೇ ಗೊತ್ತಾದದ್ದು. ಅದೇ ನಂಬರಿನ ರಸೀದಿ ಬೇರೊಬ್ಬರ ಹೆಸರಿನಲ್ಲಿ ಕಚೇರಿಯಿಂದಲೂ ಹೋಗಿತ್ತು.

ಈ ಸ್ಥಿತಿಗೆ ಸ್ಪ್ಲಿಟ್ ಬ್ರೇನ್ ಎನ್ನುತ್ತಾರೆ. ಒಂದು ಒರೆಯಲ್ಲಿ ಎರಡು ಕತ್ತಿ. ಫೈಬರ್ ಜೋಡಿಸಿದರೂ ಡಿಆರ್‌ಬಿಡಿ ಎರಡು ಡಿಸ್ಕುಗಳನ್ನು ಸೇರಿಸಲು ಒಪ್ಪಲಿಲ್ಲ. ಒಪ್ಪಲೂಬಾರದು. ಯಾವ ಕಡೆಯ ಬರಹ ಉಳಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮನುಷ್ಯರೇ ಹೇಳಬೇಕು. ಗೋದಾಮಿನ ಕಡೆಯದರ ಪ್ರತಿ ತೆಗೆದಿಟ್ಟುಕೊಂಡು, ಆ ಬದಿಯ ದತ್ತಾಂಶವನ್ನು ಬಿಟ್ಟುಕೊಟ್ಟೆವು. ಆಮೇಲೆ ಕಾರ್ಬನ್ ಪ್ರತಿಗಳನ್ನು ಒಂದೊಂದಾಗಿ ನೋಡಿ ಕೈಯಿಂದ ತುಂಬಿದೆವು. ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಕೌಂಟರಿನ ಹುಡುಗಿ ಸದಸ್ಯರಿಂದ ಬೈಸಿಕೊಂಡಳು. ಅವಳದ್ದೇನೂ ತಪ್ಪಿರಲಿಲ್ಲ.

ಮೂಲ ಹುಡುಕಿದಾಗ ಸಿಕ್ಕಿದ್ದು ಒಂದೇ ಸಾಲು: ಸ್ಟೋನಿತ್-ಎನೇಬಲ್ಡ್ ಎಂಬ ಸೆಟ್ಟಿಂಗನ್ನು ಫಾಲ್ಸ್, ಅಂದರೆ ಬೇಡ, ಎಂದು ಮಾಡಿಟ್ಟಿದ್ದರು. ಇನ್ನೊಂದು ನೋಡ್‌ನ (ಜೋಡಿಯ ಇನ್ನೊಂದು ಸರ್ವರಿನ) ತಲೆಗೆ ಗುಂಡು ಹೊಡಿ ಎನ್ನುವ ಇಂಗ್ಲಿಷ್ ಮಾತಿನ ಮೊದಲಕ್ಷರಗಳಿಂದ ಆದ ಹೆಸರು ಸ್ಟೋನಿತ್. ಕೇಳಲು ಕ್ರೂರ, ಆದರೆ ಇಡೀ ವ್ಯವಸ್ಥೆಯ ಜೀವ ಅದರಲ್ಲಿದೆ. ಉಸಿರು ಕೇಳಿಸದ ಸರ್ವರ್ ಸತ್ತಿದೆಯೋ, ತಂತಿ ಮಾತ್ರ ಕಡಿದಿದೆಯೋ ಎಂದು ಇನ್ನೊಂದಕ್ಕೆ ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ಅದರ ಕರೆಂಟು ತೆಗೆದು, ಸತ್ತದ್ದು ಖಚಿತವಾದ ಮೇಲೆಯೇ ಕೆಲಸ ಎತ್ತಿಕೊಳ್ಳಬೇಕು. ಇದಕ್ಕೆ ಫೆನ್ಸಿಂಗ್ ಎಂಬ ಹೆಸರೂ ಇದೆ. ತೋಟದವರಿಗೆ ಬೇಲಿಯ ಬೆಲೆ ನಾನು ಹೇಳಬೇಕಿಲ್ಲ.

ಬೇಲಿ ಕಟ್ಟದಿದ್ದರೆ ಪೇಸ್‌ಮೇಕರ್ ಯಾವ ಸೇವೆಯನ್ನೂ ಶುರು ಮಾಡುವುದಿಲ್ಲ, ಎಚ್ಚರಿಕೆ ಕೊಟ್ಟು ಸುಮ್ಮನೆ ಕೂರುತ್ತದೆ. ಅಳವಡಿಸಲು ಬಂದವರು ಬೇಲಿ ಕಟ್ಟುವ ಬದಲು ಎಚ್ಚರಿಕೆಯ ಬಾಯಿ ಮುಚ್ಚಿಸಿ ಬಿಲ್ಲು ಕೊಟ್ಟು ಹೋಗಿದ್ದರು. ಅವರು ನಮ್ಮ ನಿರ್ದೇಶಕರ ಮುಂದೆ ಪರೀಕ್ಷೆ ಮಾಡಿ ತೋರಿಸಿದ್ದೂ ನಿಜ. ಒಂದು ಸರ್ವರನ್ನು ಸ್ಟ್ಯಾಂಡ್‌ಬೈಗೆ ಹಾಕಿದರು, ಇನ್ನೊಂದು ಕೆಲಸ ಎತ್ತಿಕೊಂಡಿತು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಆದರೆ ಸ್ಟ್ಯಾಂಡ್‌ಬೈ ಎಂದರೆ ಹೇಳಿ ಕೇಳಿ ಎದ್ದು ಹೋಗುವುದು. ಮಳೆಗಾಲದ ಸಾವು ಹೇಳಿ ಬರುವುದಿಲ್ಲ. ಆ ದಿನ ನಾನೂ ಅಲ್ಲೇ ನಿಂತಿದ್ದೆ, ಒಂದು ಕೇಬಲ್ ಕಿತ್ತು ನೋಡಿ ಎನ್ನಬೇಕಿತ್ತು. ಎನ್ನಲಿಲ್ಲ.

ಮತ್ತೆ ಕಟ್ಟುವಾಗಲೂ ಸುಲಭವಾಗಲಿಲ್ಲ. ಎರಡೂ ಸರ್ವರುಗಳು ತಾನೊಬ್ಬನೇ ಇದ್ದೇನೆ ಎನ್ನುತ್ತಿದ್ದವು. ಫೈರ್‌ವಾಲ್‌ನಲ್ಲಿ ಕೊರೊಸಿಂಕ್‌ನ ಯುಡಿಪಿ 5405, ಸರ್ವರುಗಳ ಜೋಡಿಯನ್ನು ನಿರ್ವಹಿಸುವ ತಂತ್ರಾಂಶವಾದ ಪಿಸಿಎಸ್‌ಡಿಯ ಟಿಸಿಪಿ 2224 ಎಂಬ ಬಾಗಿಲುಗಳು (ಪೋರ್ಟ್) ತೆರೆದಿವೆಯೇ ಎಂದು ನೋಡುತ್ತ ಅರ್ಧ ದಿನ ಕಳೆದೆ. ತೆರೆದೇ ಇದ್ದವು. ಕೊನೆಗೆ ನೋಡಿದರೆ ಯಂತ್ರಗಳ ಹೆಸರು, ವಿಳಾಸ ಬರೆದಿಡುವ ಹೋಸ್ಟ್ಸ್ ಫೈಲಿನಲ್ಲಿ ಡೆಬಿಯನ್ ಲಿನಕ್ಸಿನ ಇನ್‌ಸ್ಟಾಲರ್ ಯಂತ್ರದ ಹೆಸರಿನ ಎದುರು 127.0.1.1 ಎಂದು ಬರೆದಿಟ್ಟಿತ್ತು. ಅದು ಯಂತ್ರ ತನ್ನೊಳಗೇ ಮಾತಾಡಿಕೊಳ್ಳುವ ವಿಳಾಸ. ಹೊರಗಿನ ವಿಳಾಸ ಬರೆದ ಕೂಡಲೇ ಎರಡೂ ಒಂದನ್ನೊಂದು ಕಂಡವು.

ಬೇಲಿಗೆ ಮೊದಲು ಸರ್ವರನ್ನು ದೂರದಿಂದಲೇ ಆರಿಸಬಲ್ಲ, ಅದರೊಳಗೇ ಇರುವ ಐಪಿಎಂಐ ಬಳಸಿದೆವು. ನಮ್ಮೂರಿಗೆ ಅದೊಂದೇ ಸಾಲದು. ಕರೆಂಟು ಹೋಗಿ ಯುಪಿಎಸ್ ಬರಿದಾದರೆ ಸರ್ವರಿನ ಜೊತೆ ಐಪಿಎಂಐ ಕೂಡ ಸಾಯುತ್ತದೆ, ಸತ್ತದ್ದು ಖಚಿತವಾಗದೆ ಉಳಿದ ಸರ್ವರ್ ಕಾಯುತ್ತಲೇ ಇರುತ್ತದೆ. ಫೈಬರ್ ಹರಿದರಂತೂ ಆಜ್ಞೆಯೇ ಆಚೆ ದಾಟುವುದಿಲ್ಲ. ಅದಕ್ಕಾಗಿ ಮೂರನೆಯ ಓಟು ಬೇಕಾಯಿತು. ಇಬ್ಬರೇ ಪಂಚರಿದ್ದರೆ ಪಂಚಾಯಿತಿ ಮುಗಿಯುವುದಿಲ್ಲವಲ್ಲ. ಕಡೂರು ಶಾಖೆಯ ಒಂದು ಹಳೆಯ ಕಂಪ್ಯೂಟರಿನಲ್ಲಿ ಆ ಓಟು ಹಾಕುವ ತಂತ್ರಾಂಶವಾದ ಕ್ಯುನೆಟ್‌ಡಿ ಹಾಕಿ, ಎರಡೂ ಕಟ್ಟಡಗಳಿಂದ ಬೇರೆ ಬೇರೆ ಇಂಟರ್ನೆಟ್ ಲೈನಿನಲ್ಲಿ ಜೋಡಿಸಿದೆವು. ಮೂಡಿಗೆರೆಯಲ್ಲಿ ಜಡಿಮಳೆ ಹಿಡಿದಾಗಲೂ ಕಡೂರಿನಲ್ಲಿ ಬಿಸಿಲಿರುತ್ತದೆ, ಅದಕ್ಕೇ ಕಡೂರು. ನಡುವಿನ ತಂತಿ ಕಡಿದರೆ ಕಡೂರಿನ ಓಟು ಒಂದೇ ಕಡೆಗೆ ಬೀಳುತ್ತದೆ. ಓಟು ಸಿಗದ ಸರ್ವರನ್ನು ಅದರೊಳಗಿನ ಕಾವಲುಗಾರರಾದ ಎಸ್‌ಬಿಡಿ ಮತ್ತು ವಾಚ್‌ಡಾಗ್ ತಾವೇ ರೀಬೂಟ್ ಮಾಡುತ್ತವೆ, ಅಷ್ಟು ಹೊತ್ತು ಕಾದು ಇನ್ನೊಂದು ಕೆಲಸ ಎತ್ತಿಕೊಳ್ಳುತ್ತದೆ. ಮೂರೂ ಕೊಂಡಿಗಳು ಒಟ್ಟಿಗೆ ಕಡಿದರೆ ಎರಡೂ ನಿಲ್ಲುತ್ತವೆ. ನಿಲ್ಲಲಿ. ರೈತನ ಸಾಲದ ಲೆಕ್ಕ ಎರಡು ಬಗೆಯಾಗುವುದಕ್ಕಿಂತ ಅದು ಎಷ್ಟೋ ವಾಸಿ.

ಸಂಘ ಸಂಸ್ಥೆಗಳ ನಿರ್ದೇಶಕರಲ್ಲಿ ನನ್ನ ಕೋರಿಕೆ ಇಷ್ಟು. ಟೆಂಡರಿನಲ್ಲಿಯೇ ಫೆನ್ಸಿಂಗ್ ಮತ್ತು ಮೂರನೆಯ ಓಟು ಎಂದು ಬರೆಸಿ. ಕೊನೆಯ ಕಂತು ಕೊಡುವ ಮುನ್ನ ನಿಮ್ಮ ಕಣ್ಣೆದುರೇ ನಡೆಯುತ್ತಿರುವ ಸರ್ವರಿನ ಕರೆಂಟು ವೈರು ಕೀಳಿಸಿ. ಅದು ಸರಿಹೋದ ಮೇಲೆ ನಡುವಿನ ಕೇಬಲ್ ಮಾತ್ರ ಕೀಳಿಸಿ. ಎರಡನೆಯದು ಮುಖ್ಯ, ಅದನ್ನೇ ಯಾರೂ ಮಾಡಿ ತೋರಿಸುವುದಿಲ್ಲ. ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರೂ ಇದನ್ನು ಪ್ರಯೋಗಾಲಯದಲ್ಲಿ ಮಾಡಿಸಲಿ. ಒಂದು ಸಾಧಾರಣ ಕಂಪ್ಯೂಟರಿನಲ್ಲಿ ಮೂರು ವರ್ಚುವಲ್ ಮಷೀನ್ ಹಾಕಿದರೆ ಸಾಕು, ತಂತ್ರಾಂಶಕ್ಕೆ ಪೈಸೆ ಖರ್ಚಿಲ್ಲ.

ನಮ್ಮಲ್ಲಿ ಈಗ ತಿಂಗಳಿಗೊಮ್ಮೆ, ಕೌಂಟರ್ ಮುಚ್ಚಿದ ಮೇಲೆ, ನಾನೇ ಹೋಗಿ ಆ ಫೈಬರ್ ಕಿತ್ತು ನೋಡುತ್ತೇನೆ.

– ಬೆಳೆಗಾರರ ಸಂಸ್ಥೆಯೊಂದರ ಸಿಸ್ಟಮ್ ಅಡ್ಮಿನ್, ಚಿಕ್ಕಮಗಳೂರು