ಹರಳು ಕಾಣದ ಮಿಶ್ರಣದ ಕುರಿತು ಕುಮುದಾಳಿಗೆ

ಸಂಪಾಜೆ, ಕೊಡಗು

ಚಿರಂಜೀವಿ ಕುಮುದಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ತೋಟದ ಸಮಾಚಾರವನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನೀನು ಪ್ರಯೋಗಾಲಯದಲ್ಲಿ ಬೆರೆಸಿದ ಪ್ಲಾಸ್ಟಿಕ್ ಮಿಶ್ರಣದ ಬಗ್ಗೆ ನಿನ್ನ ಪತ್ರದಲ್ಲಿದ್ದ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ: ‘ತಣಿಸುವಾಗ ಹರಳುಗಟ್ಟುವ ಗುರುತೇ ಕಾಣಲಿಲ್ಲ, ನನ್ನ ಕೈಯಲ್ಲಿ ಮಾದರಿ ಕೆಟ್ಟಿರಬೇಕು.’

ಕೆಟ್ಟಿರಲಾರದು ಮಗಳೇ. ಪಾಲಿವಿನೈಲಿಡೀನ್ ಫ್ಲೋರೈಡ್ ಎಂಬ ಪ್ಲಾಸ್ಟಿಕ್ ಒಂಟಿಯಾಗಿದ್ದಾಗ ಬೇಗ ಹರಳುಗಟ್ಟುತ್ತದೆ, ಸುಮಾರು 170 ಡಿಗ್ರಿಗೆ ಕರಗುತ್ತದೆ. ಅದಕ್ಕೆ ನೀನು ಅರ್ಧದಷ್ಟು ಪಿಎಂಎಂಎ, ಅಂದರೆ ಗಾಜಿನಂತೆ ಪಾರದರ್ಶಕವಾದ ಅಕ್ರಿಲಿಕ್ ಪ್ಲಾಸ್ಟಿಕ್, ಬೆರೆಸಿದ್ದೀಯೆ. ಅದು ಹರಳುಗಟ್ಟುವ ಜಾತಿಯದಲ್ಲ, ಆದರೆ ಕರಗಿದ ಸ್ಥಿತಿಯಲ್ಲಿ ಅಣುಮಟ್ಟದಲ್ಲೇ ಬೆರೆಯುತ್ತದೆ. ಹರಳಿನ ಅಂಚು ಮುಂದೆ ಬೆಳೆಯಬೇಕಾದರೆ ಪಿಎಂಎಂಎಯ ಅಣುಗಳ ಸರಪಳಿಗಳು ದೂರ ಸರಿಯಬೇಕು. ಕರಗುವ ಬಿಂದು ಕೆಳಗಿಳಿಯುತ್ತದೆ. 105 ಡಿಗ್ರಿಯ ಆಸುಪಾಸಿನಲ್ಲಿ ತಣಿದು ಗಾಜಿನಂತೆ ಗಡುಸಾಗುವ ಪಿಎಂಎಂಎ, ಮಿಶ್ರಣದ ಗಾಜುಬಿಂದುವನ್ನು, ಅಂದರೆ ಅದು ಹಾಗೆ ಗಡುಸಾಗುವ ಉಷ್ಣಾಂಶವನ್ನು, ಮೇಲಕ್ಕೆಳೆಯುತ್ತದೆ. ಈ ಎರಡು ಬಿಂದುಗಳ ನಡುವೆ ಉಳಿಯುವ ಕಿರಿದಾದ ಅಂತರದಲ್ಲೇ ಹರಳು ಹುಟ್ಟಬೇಕು. ಬೇಗ ತಣಿಸಿದರೆ ಅದಕ್ಕೆ ಸಮಯವೆಲ್ಲಿದೆ? ಎರಡೂ ಬೆರೆಯದೆ ನಿಂತಿದ್ದರೆ ಹರಳು ತನ್ನ ಪಾಡಿಗೆ ಕಟ್ಟುತ್ತಿತ್ತು, ಕರಗುವ ಬಿಂದುವೂ ಹೆಚ್ಚು ಕದಲುತ್ತಿರಲಿಲ್ಲ. ನೀನು ಹೆದರಿದ ಆ ಗೈರುಹಾಜರಿ, ಚೆನ್ನಾಗಿ ಬೆರೆತದ್ದರ ಲಕ್ಷಣವೇ ಆಗಿರಬಹುದು.

ಹರೆಯದಲ್ಲಿ ನಾನು ಒಂದು ಟೈರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದದ್ದು ನಿನಗೆ ಗೊತ್ತು. ಎಳೆದಾಗ ಹರಳುಗಟ್ಟಿ ಸೀಳು ಹರಡದಂತೆ ತಡೆಯುವುದು ನೈಸರ್ಗಿಕ ರಬ್ಬರಿನ ದೊಡ್ಡ ಗುಣ. ವಿನೈಲ್ ಅಂಶ ಹೆಚ್ಚಿರುವ ಪಾಲಿಬ್ಯುಟಾಡೈಈನ್ ಎಂಬ ಕೃತಕ ರಬ್ಬರ್ ಅದರೊಂದಿಗೆ ಒಂದಾಗಿ ಬೆರೆತರೆ ಅಲ್ಲಿಯೂ ಹರಳುಗಟ್ಟುವುದು ನಿಧಾನವಾಗುತ್ತದೆ. ಎಳೆಯದೆ ಇಟ್ಟ ರಬ್ಬರ್ ಅತಿ ಬೇಗ ಹರಳುಗಟ್ಟುವುದು ಮೈನಸ್ 25 ಡಿಗ್ರಿಯ ಹತ್ತಿರ. ಅದಕ್ಕಿಂತ ಚಳಿಗೆ ಒಯ್ದರೆ ಮತ್ತೆ ನಿಧಾನ. ಇದನ್ನೆಲ್ಲ ಆಳವಾಗಿ ಕಲಿಯುವ ಆಸೆಯಿತ್ತು. ಅಪ್ಪ ತೀರಿಕೊಂಡರು, ತೋಟಕ್ಕೆ ಬಂದೆ. ರಬ್ಬರ್ ಶೀಟುಗಳನ್ನು ಒಣಹಾಕುವಾಗ ಈಗಲೂ ಮನಸ್ಸು ಅಲ್ಲಿಗೇ ಓಡುತ್ತದೆ. ಅದಕ್ಕೇ ನೀನು ‘ನನ್ನ ಕೈಯಲ್ಲಿ’ ಎಂದು ಬರೆದದ್ದನ್ನು ಸಹಿಸಲಾಗಲಿಲ್ಲ. ಆ ಕೈಗೆ ಸಿಕ್ಕಿರುವುದು ನನಗೆ ಸಿಗದೇ ಹೋದ ಕೆಲಸ.

ನಿನ್ನ ಮಾರ್ಗದರ್ಶಕರ ಮುಂದೆ ನನ್ನ ಮಾತು ಎಷ್ಟರದು, ಆದರೂ ಬರೆಯುತ್ತೇನೆ. ನಿಧಾನವಾಗಿ ತಣಿಸಿ ನೋಡು. ಇಲ್ಲವೇ ಆ ಅಂತರದಲ್ಲಿ ಒಂದು ಉಷ್ಣಾಂಶದಲ್ಲಿ ನಿಲ್ಲಿಸಿ ಕಾಯು. ತಣಿಸುವಾಗ ಬಾರದ ಹರಳು ಮತ್ತೆ ಬಿಸಿ ಮಾಡುವಾಗ ಕಟ್ಟುವುದುಂಟು; ಬಿಸಿ ಮಾಡುವಾಗ ಯಂತ್ರ ಬರೆಯುವ ರೇಖೆಯನ್ನು ನೋಡದೆ ಮಾದರಿಯನ್ನು ಎಸೆಯಬೇಡ. ರಾತ್ರಿಯೂಟ ಬಿಟ್ಟು ಯಂತ್ರದ ಮುಂದೆ ಕೂರುವುದೂ ಬೇಡ. ಇದನ್ನು ನಾನು ಹೇಳಬಾರದೇನೋ, ಅಮ್ಮ ಹೇಳಿರುತ್ತಾಳೆ.

ಗಾಜುಬಿಂದು ಒಂದೇ ಕಂಡಿತೋ ಎರಡೋ ಎಂದು ನೀನು ಬರೆದಿಲ್ಲ; ಎರಡೂ ಬೆರೆತಿವೆಯೋ ಇಲ್ಲವೋ ಎಂಬ ಸುಳಿವು ಅದರಲ್ಲಿದೆ. ಮುಂದಿನ ಪತ್ರದಲ್ಲಿ ಅದನ್ನು ಮೊದಲು ಬರೆ.

ಇತಿ,
ನಿನ್ನ ದೊಡ್ಡಪ್ಪ